ನಿಮಗಿದು ಗೊತ್ತೆ? ಹಿಡಿ, ಸಿವುಡು, ಹೊರೆ

ತಮಿಳುನಾಡಿನ ಧರ್ಮಪುರಿ ಜಿಲ್ಲೆ ರಾಗಿಗೆ ಹೆಸರುವಾಸಿ. ಅಲ್ಲಿನ ಕಂಬೈನಲ್ಲೂರು ಸೀಮೆಯಲ್ಲಿ ತಮಿಳಿನ ಜತೆ ಕನ್ನಡವೂ ಕಿವಿಗೆ ಬೀಳುತ್ತದೆ. ಕೊಯ್ಲಿನ ಕೆಲವು ಮಾತುಗಳಂತೂ ಎರಡೂ ಭಾಷೆಗಳ ಪಾಲಿನ ಆಸ್ತಿ. ಕೊಯ್ದ ಪೈರಿನ ಒಂದು ಹಿಡಿ ಕನ್ನಡದಲ್ಲೂ ‘ಅರಿ’, ತಮಿಳಲ್ಲೂ ‘ಅರಿ’. ಮೂಲ ಅರ್ಥ ಕತ್ತರಿಸು. ತಮಿಳರ ಕುಡುಗೋಲು ‘ಅರಿವಾಳ್’ ಆದದ್ದೂ ಅದರಿಂದಲೇ. ಒಣಹುಲ್ಲಿನ ರಾಶಿಗೆ ಬಂದಾಗ ಮಾತ್ರ ದಾರಿ ಬೇರೆ: ನಮಗೆ ಬಣವೆ, ಅವರಿಗೆ ‘ಪೋರ್’. ತಮಿಳಿನಲ್ಲಿ ಪೋರ್ ಎಂದರೆ ಯುದ್ಧವೂ ಹೌದು!

ನಮ್ಮ ರೈತರು ಅರಿಗಳನ್ನು ಸೇರಿಸಿ ಸಿವುಡು ಕಟ್ಟುತ್ತಾರೆ, ಸಿವುಡುಗಳನ್ನು ಸೇರಿಸಿ ತಲೆಹೊರೆ ಮಾಡುತ್ತಾರೆ, ಕಣದ ಬಳಿ ಮೆದೆ ಒಟ್ಟುತ್ತಾರೆ. ಸ್ಪ್ಯಾನಿಷ್‌ನಲ್ಲೂ ಇಂಥದೇ ಏಣಿ ಇದೆ. ಕೈಯಳತೆಯದು ‘ಮನೋಹೊ’, ಅದಕ್ಕಿಂತ ದೊಡ್ಡದು ‘ಗಬಿಯ’, ಇನ್ನೂ ದೊಡ್ಡದು ‘ಆಸ್’. ಪುಂಡರ ಗುಂಪಿಗೂ ಗಬಿಯ ಎನ್ನುವುದುಂಟು. ಇಂಗ್ಲಿಷಿನವರು ಸಿವುಡನ್ನು ‘ಶೀಫ್’ ಎನ್ನುತ್ತಾರೆ. ಒಣಗಲೆಂದು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಶೀಫ್‌ಗಳ ಗುಂಪು ‘ಶಾಕ್’. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಕಟ್ಟಲು ಹಗ್ಗ? ಬೇಕಿರಲಿಲ್ಲ. ಅದೇ ಪೈರಿನ ನಾಲ್ಕು ದಂಟು ಹೊಸೆದರೆ ಸಾಕಿತ್ತು.