ನಿಮಗಿದು ಗೊತ್ತೇ? ರಕ್ತದ ಹನಿಯಲ್ಲಿ ರಾಸಾಯನಿಕದ ಗಾಯ

• ವಿಷಕಾರಿ ರಾಸಾಯನಿಕಗಳ ನಡುವೆ ದುಡಿಯುವವರ ಡಿಎನ್‌ಎಗೆ ಆದ ಪೆಟ್ಟನ್ನು, ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅಳೆಯಬಹುದು. ಕೆಲವು ಪರೀಕ್ಷೆಗಳಿಗೆ ಬೆರಳ ತುದಿಯ ಒಂದೆರಡು ಹನಿ ರಕ್ತವೇ ಸಾಕು.

• ರಾಸಾಯನಿಕವೊಂದು ವಂಶವಾಹಿಗಳನ್ನೇ ಬದಲಿಸಬಲ್ಲದು ಎಂಬುದಕ್ಕೆ ಗಟ್ಟಿ ಪುರಾವೆ ಕೊಟ್ಟದ್ದು ಯುದ್ಧದ ವಿಷಾನಿಲ. ನಾಜಿ ಜರ್ಮನಿಯಿಂದ ಪಾರಾಗಿ ಎಡಿನ್‌ಬರೋ ಸೇರಿದ್ದ ಷಾರ್ಲೆಟ್ ಔರ್‌ಬಾಕ್ ಹಣ್ಣಿನ ನೊಣಗಳನ್ನು ಮಸ್ಟರ್ಡ್ ಗ್ಯಾಸ್‌ಗೆ ಒಡ್ಡಿ ಪರೀಕ್ಷಿಸಿದರು. ಆ ಕೆಲಸದಲ್ಲಿ ಅವರ ಕೈಗಳೇ ಸುಟ್ಟವು. ಯುದ್ಧಕಾಲದ ಗೋಪ್ಯತೆಯಿಂದಾಗಿ ಫಲಿತಾಂಶ ಪ್ರಕಟವಾಗಲು 1946ರವರೆಗೆ ಕಾಯಬೇಕಾಯಿತು.

• ಮುರಿದ ಡಿಎನ್‌ಎಯನ್ನು ಕಣ್ಣಾರೆ ನೋಡಬಹುದು! ರಕ್ತದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾದ ಜೆಲ್‌ನಲ್ಲಿ ಹುದುಗಿಸಿ, ಉಪ್ಪು ಮತ್ತು ಮಾರ್ಜಕದ ದ್ರಾವಣದಲ್ಲಿ ಅವುಗಳ ಹೊರಪೊರೆಯನ್ನು ಕರಗಿಸುತ್ತಾರೆ. ಆಮೇಲೆ ವಿದ್ಯುತ್ ಹರಿಸುತ್ತಾರೆ. ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಮುರಿದ ತುಂಡುಗಳು ಧನಾಗ್ರದತ್ತ ಸರಿಯುತ್ತವೆ. ಮುರಿಯದಿರುವುದು ಇದ್ದಲ್ಲೇ ಉಳಿಯುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಳೆಯುವ ತಲೆ, ಹಿಂದೆ ಬಾಲ: ಥೇಟ್ ಧೂಮಕೇತು. ಬಾಲದಲ್ಲಿ ಡಿಎನ್‌ಎ ಹೆಚ್ಚಿದ್ದಷ್ಟೂ ಹಾನಿ ಹೆಚ್ಚು. ಸ್ವೀಡನ್ನಿನ ವಿಜ್ಞಾನಿಗಳು 1984ರಲ್ಲಿ ರೂಪಿಸಿದ ಈ ‘ಕಾಮೆಟ್’ ಪರೀಕ್ಷೆಯನ್ನು 1988ರಲ್ಲಿ ನರೇಂದ್ರ ಸಿಂಗ್ ಮತ್ತು ಸಂಗಡಿಗರು ಇನ್ನಷ್ಟು ಸೂಕ್ಷ್ಮಗೊಳಿಸಿದರು.

• ಈ ಪರೀಕ್ಷೆಯನ್ನು ಮಂದ ಬೆಳಕಿನಲ್ಲಿ ಮಾಡುತ್ತಾರೆ, ಏಕೆಂದರೆ ಪ್ರಖರ ಬೆಳಕೇ ಡಿಎನ್‌ಎಯನ್ನು ಮುರಿಯಬಲ್ಲದು. ರಕ್ತವನ್ನು ತಣ್ಣಗೂ ಇಡಬೇಕು; ಇಲ್ಲದಿದ್ದರೆ ಅಳೆಯುವ ಮೊದಲೇ ಹಾನಿಯ ಗುರುತು ಅಳಿಸಿಹೋಗಬಹುದು. ಇಂಥ ಮುರಿತಗಳಲ್ಲಿ ಹೆಚ್ಚಿನವನ್ನು ಜೀವಕೋಶ ಕೆಲವೇ ಗಂಟೆಗಳಲ್ಲಿ ದುರಸ್ತಿ ಮಾಡಿಕೊಳ್ಳುತ್ತದೆ. ಡಿಎನ್‌ಎ ದುರಸ್ತಿಯ ಗುಟ್ಟು ಬಿಡಿಸಿದ ಮೂವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಸಂದಿದೆ.

• ಸೂಜಿ ಚುಚ್ಚದೆಯೂ ಪರೀಕ್ಷೆ ಸಾಧ್ಯ. ಕೆನ್ನೆಯ ಒಳಭಾಗವನ್ನು ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಜೀವಕೋಶಗಳು ಸಿಗುತ್ತವೆ. ಕೋಶ ಇಬ್ಭಾಗವಾಗುವಾಗ ಹಿಂದುಳಿದ ವರ್ಣತಂತುವಿನ ಚೂರು, ದೊಡ್ಡ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ ಪುಟ್ಟ ಚುಕ್ಕೆಯಾಗಿ ಕಾಣುತ್ತದೆ. ಇದೇ ಮೈಕ್ರೋನ್ಯೂಕ್ಲಿಯಸ್. ಪೆಟ್ರೋಲ್ ಬಂಕ್‌ನಲ್ಲಿ ಬೆಂಜೀನ್ ಆವಿ ಕುಡಿಯುತ್ತಾ ನಿಲ್ಲುವ ಹುಡುಗರಲ್ಲಿ ಈ ಚುಕ್ಕೆಗಳು ಹೆಚ್ಚಿರುವುದನ್ನು ನಮ್ಮ ದೇಶದ ಹಲವು ಅಧ್ಯಯನಗಳು ತೋರಿಸಿವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ರಾಸಾಯನಿಕ.

• ವಯಸ್ಸಾದಂತೆ ಮೈಕ್ರೋನ್ಯೂಕ್ಲಿಯಸ್‌ಗಳು ಹೆಚ್ಚುತ್ತವೆ. ರಕ್ತಕಣಗಳಲ್ಲಂತೂ ಗಂಡಸರಿಗಿಂತ ಹೆಂಗಸರಲ್ಲಿ ಅವು ಹೆಚ್ಚು. ಹಾಗಾಗಿ ಕಾರ್ಮಿಕರನ್ನು ಅದೇ ವಯಸ್ಸಿನ, ಅದೇ ಲಿಂಗದ, ಅದೇ ಅಭ್ಯಾಸಗಳಿರುವ, ಆದರೆ ಆ ರಾಸಾಯನಿಕದ ಸಂಪರ್ಕಕ್ಕೆ ಬಾರದವರೊಂದಿಗೆ ಹೋಲಿಸದಿದ್ದರೆ ಲೆಕ್ಕಕ್ಕೆ ಬೆಲೆಯಿಲ್ಲ.

• ಹಾಗೆ ಹೋಲಿಕೆಗೆಂದು ಆರಿಸಿಕೊಂಡವರೇ ಒಮ್ಮೆ ಜಗತ್ತಿನ ಅಡುಗೆಮನೆಗಳಿಗೆ ಎಚ್ಚರಿಕೆ ಕೊಟ್ಟರು! 1997ರಲ್ಲಿ ದಕ್ಷಿಣ ಸ್ವೀಡನ್ನಿನ ಹಾಲಂಡ್ಸೋಸ್ ಸುರಂಗದಲ್ಲಿ, ನೀರಿನ ಸೋರಿಕೆ ತಡೆಯಲು ಬಳಸಿದ ಅಂಟಿನಿಂದ ಅಕ್ರಿಲಮೈಡ್ ಹೊರಬಿತ್ತು. ಮೀನುಗಳು ಸತ್ತವು, ಹಸುಗಳಿಗೆ ಲಕ್ವ ಹೊಡೆಯಿತು. ಕಾರ್ಮಿಕರ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಅಕ್ರಿಲಮೈಡನ್ನು ವಿಜ್ಞಾನಿಗಳು ಅಳೆದರು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ಕಾಲದ ಸಂಪರ್ಕ ಅದರಲ್ಲಿ ದಾಖಲಾಗಿರುತ್ತದೆ. ವಿಚಿತ್ರವೆಂದರೆ, ಸುರಂಗದ ಹತ್ತಿರವೂ ಸುಳಿಯದವರ ರಕ್ತದಲ್ಲೂ ಅದೇ ಗುರುತು. ಎಲ್ಲಿಂದ ಬಂತು? ಹುಡುಕುತ್ತಾ ಹೋದವರಿಗೆ 2002ರಲ್ಲಿ ಉತ್ತರ ಸಿಕ್ಕಿತು: ಕರಿದ ಆಲೂಗಡ್ಡೆ, ಚಿಪ್ಸ್, ಸುಟ್ಟ ಬ್ರೆಡ್. ಪಿಷ್ಟವಿರುವ ತಿನಿಸನ್ನು ಹೆಚ್ಚು ಕಾವಿನಲ್ಲಿ ಕರಿದಾಗ, ಹುರಿದಾಗ ಅಕ್ರಿಲಮೈಡ್ ತಾನಾಗಿ ಹುಟ್ಟುತ್ತದೆ.

• 1984ರ ಡಿಸೆಂಬರಿನಲ್ಲಿ ಭೋಪಾಲದ ಮೇಲೆ ಹರಡಿದ್ದು ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್. ಬದುಕುಳಿದವರ ವರ್ಣತಂತುಗಳಲ್ಲಿ ಮುರಿತಗಳು ಕಂಡವು. ಆದರೆ ಯಾರು ಎಷ್ಟು ಅನಿಲ ಉಸಿರಾಡಿದರು ಎಂಬ ಅಳತೆ ಯಾರ ಬಳಿಯೂ ಇರಲಿಲ್ಲ. ಆ ಕೊರತೆಯನ್ನು ಇಂದಿಗೂ ತುಂಬಲಾಗಿಲ್ಲ.

• ವರದಿಯಲ್ಲಿ ಹಾನಿ ಹೆಚ್ಚಿದೆ ಎಂದ ಮಾತ್ರಕ್ಕೆ ಆ ವ್ಯಕ್ತಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದಲ್ಲ. ವರ್ಣತಂತು ಹಾನಿ ಹೆಚ್ಚಿರುವ ಗುಂಪಿನಲ್ಲಿ ಮುಂದೆ ಕ್ಯಾನ್ಸರ್ ಹೆಚ್ಚು ಎಂಬುದು ಯುರೋಪಿನಲ್ಲಿ ಸಾಬೀತಾಗಿದೆ; ಒಬ್ಬೊಬ್ಬರ ಭವಿಷ್ಯ ಹೇಳಲು ಈ ಪರೀಕ್ಷೆಗಳಿಗೆ ಆಗದು. ರಕ್ತ ಕೊಟ್ಟ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಲೇಬೇಕು.

• ಬೂಸಲು ಹಿಡಿದ ಕಡಲೆಕಾಯಿ, ಮುಸುಕಿನ ಜೋಳದಲ್ಲಿ ಹುಟ್ಟುವ, ಯಕೃತ್ತಿನ ಕ್ಯಾನ್ಸರ್ ತರುವ ಅಫ್ಲಾಟಾಕ್ಸಿನ್ ವಿಷ ಪಿ53 ಎಂಬ ಜೀನ್‌ನ 249ನೇ ಸ್ಥಾನಕ್ಕೇ ಹೆಚ್ಚಾಗಿ ಪೆಟ್ಟು ಕೊಟ್ಟು ತನ್ನ ಗುರುತು ಬಿಡುತ್ತದೆ. ಯಕೃತ್ತಿನ ಕ್ಯಾನ್ಸರ್ ವ್ಯಾಪಕವಾಗಿದ್ದ ಚೀನಾದ ಚಿಡಾಂಗ್‌ನಲ್ಲಿ ಜನ ಮುಸುಕಿನ ಜೋಳ ಬಿಟ್ಟು ಅಕ್ಕಿಗೆ ಬದಲಾದರು. 1989ರ ರಕ್ತದ ಮಾದರಿಗಳಲ್ಲಿ ಎಲ್ಲೆಲ್ಲೂ ಇದ್ದ ಅಫ್ಲಾಟಾಕ್ಸಿನ್ ಅಂಶ 2012ರ ಹೊತ್ತಿಗೆ ಬಹುಪಾಲು ಜನರಲ್ಲಿ ಸಿಗಲಿಲ್ಲ. ಯಕೃತ್ತಿನ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆಯೂ ಇಳಿಯಿತು.