ಸಕ್ಕರೆಯಿಂದ ಜೆಲ್, ಹತ್ತಿ ಹೊಲಕ್ಕೆ ಕಾವಲು

ಸಕ್ಕರೆ ಎಂದರೆ ಚಹಾ, ಸಿಹಿತಿಂಡಿ ನೆನಪಾಗುವುದು ಸಹಜ. ಆದರೆ ಅಕ್ಕಿಯ ಪಿಷ್ಟ, ಹತ್ತಿಯ ನೂಲು, ಸೀಗಡಿ ಚಿಪ್ಪಿನ ಕೈಟಿನ್ ಎಲ್ಲವೂ ಸಕ್ಕರೆ ಅಣುಗಳ ಸರಪಳಿಗಳೇ. ರಾತ್ರಿ ಮಿಕ್ಕ ಗಂಜಿ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದಲ್ಲ? ಯಾರೂ ಏನನ್ನೂ ಬೆರೆಸಿರುವುದಿಲ್ಲ. ಪಿಷ್ಟದ ಎಳೆಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದು ಬಲೆ ಕಟ್ಟಿ, ನೀರನ್ನು ಒಳಗೇ ಉಳಿಸಿಕೊಂಡಿರುತ್ತವೆ. ಅಣುಗಳು ಹೀಗೆ ತಾವಾಗಿಯೇ ಕೂಡಿಕೊಳ್ಳುವುದೇ ‘ಸ್ವಯಂ ಜೋಡಣೆ’.

ಇದೇ ಗುಣವನ್ನು ಬಳಸಿ ನ್ಯೂಯಾರ್ಕ್‌ನ ಸಿಟಿ ಕಾಲೇಜಿನ ಜಾರ್ಜ್ ಜಾನ್ ಅವರ ತಂಡ 2010ರಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆ ಆಲ್ಕೋಹಾಲ್‌ನಿಂದ ಒಂದು ವಸ್ತುವನ್ನು ತಯಾರಿಸಿತು. ನೀರಿನ ಮೇಲೆ ಚೆಲ್ಲಿದ ಡೀಸೆಲ್ ಅನ್ನು ಅದು ಜೆಲ್ ಮಾಡುತ್ತದೆ, ನೀರನ್ನು ಮುಟ್ಟುವುದಿಲ್ಲ. ಜೆಲ್ ಎತ್ತಿ ಬಟ್ಟಿ ಇಳಿಸಿದರೆ ಡೀಸೆಲ್ ಮರಳಿ ಸಿಗುತ್ತದೆ.

ಅದನ್ನು ತಯಾರಿಸುವ ಬಗೆಯೇ ಹೆಚ್ಚು ಕುತೂಹಲಕರ. ಮ್ಯಾನಿಟಾಲ್ ಅಣುವಿನಲ್ಲಿ 6 ಹೈಡ್ರಾಕ್ಸಿಲ್ ಗುಂಪುಗಳಿವೆ. ಸಾಮಾನ್ಯ ವಿಧಾನದಲ್ಲಿ ಬೇಡದ ಗುಂಪುಗಳನ್ನು ಮೊದಲು ಮುಚ್ಚಿ, ಕೆಲಸ ಮುಗಿದ ಮೇಲೆ ತೆರೆಯಬೇಕು. ಹೆಜ್ಜೆಹೆಜ್ಜೆಗೂ ದ್ರಾವಕ, ತ್ಯಾಜ್ಯ. ಲೈಪೇಸ್ ಕಿಣ್ವ ಹಾಗಲ್ಲ. ಅದು ತುದಿಯ ಗುಂಪುಗಳನ್ನೇ ಆರಿಸಿ ಕೊಬ್ಬಿನಾಮ್ಲವನ್ನು ನೇರವಾಗಿ ಜೋಡಿಸುತ್ತದೆ. ತ್ಯಾಜ್ಯ ಹುಟ್ಟದಂತೆ ತಡೆಯುವುದು, ಸಸ್ಯಮೂಲದ ಕಚ್ಚಾವಸ್ತು ಬಳಸುವುದು, ಅನಗತ್ಯ ಹಂತ ಕೈಬಿಡುವುದು ಇವೆಲ್ಲ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನದ 12 ಸೂತ್ರಗಳಲ್ಲಿವೆ.

ಇದಕ್ಕೂ ರಾಯಚೂರಿಗೂ ಏನು ನಂಟು? ಆ ಸಂಶೋಧನೆಯಲ್ಲಿದ್ದ ಪ್ರವೀಣ್ ಕುಮಾರ್ ವೇಮುಲ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಸೇರಿದರು. ದೇವದುರ್ಗ, ಮಾನ್ವಿ ಕಡೆ ಹತ್ತಿಗೆ ‘ಎಣ್ಣಿ ಹೊಡೆಯುವವರು’ ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗೈಯಲ್ಲೇ ಹೊಲಕ್ಕಿಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆರ್ಗನೊಫಾಸ್ಫೇಟ್ ಕೀಟನಾಶಕ ಚರ್ಮದ ಮೂಲಕವೂ ಒಳಸೇರಿ, ನರಗಳ ಕೆಲಸಕ್ಕೆ ಅತ್ಯಗತ್ಯವಾದ ಕಿಣ್ವವನ್ನೇ ನಿಲ್ಲಿಸುತ್ತದೆ. ಇದಕ್ಕೆ ತಡೆಯಾಗಿ ಇನ್‌ಸ್ಟೆಮ್ ತಂಡ 2018ರಲ್ಲಿ ಮೈಗೆ ಹಚ್ಚುವ ಜೆಲ್ ಒಂದನ್ನು ಪ್ರಕಟಿಸಿತು. ಡೀಸೆಲ್ ಜೆಲ್‌ಗಿಂತ ಇದು ಬೇರೆ ಬಗೆಯದು. ಆದರೆ ಇದರ ಮೂಲವೂ ಸಕ್ಕರೆ ಸರಪಳಿಯೇ: ಕೈಟಿನ್‌ನಿಂದ ಸಿಗುವ ಕೈಟೋಸಾನ್. ಅದಕ್ಕೆ ಜೋಡಿಸಿದ ಆಕ್ಸಿಮ್ ಗುಂಪು ವಿಷವನ್ನು ಚರ್ಮದ ಮೇಲೆಯೇ ಒಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಜೆಲ್ ಹಚ್ಚಿದವು ಬದುಕುಳಿದವು. ಇದೇ ತತ್ವವನ್ನು ಬಟ್ಟೆಗೆ ತಂದ ‘ಕಿಸಾನ್ ಕವಚ’ 2024ರಲ್ಲಿ ಬಿಡುಗಡೆಯಾಯಿತು. ತೊಳೆದು ಮತ್ತೆ ಬಳಸಬಹುದಾದ ಈ ಉಡುಪಿನ ಬೆಲೆ ಬಿಡುಗಡೆಯ ವೇಳೆ ಸುಮಾರು 4,000 ರೂಪಾಯಿ ಇತ್ತು.

ದಿನಗೂಲಿಗೆ ಎಣ್ಣಿ ಹೊಡೆಯುವವರಿಗೆ ಅದು ದೊಡ್ಡ ಮೊತ್ತ. ಬೆಲೆ ಇಳಿಯಬೇಕು, ನಮ್ಮ ಬಿಸಿಲಿಗೆ ಹಗುರವಾಗಬೇಕು, ಹಳ್ಳಿಯ ಅಂಗಡಿಯಲ್ಲಿ ಸಿಗಬೇಕು. ಇವು ಕೆಮಿಸ್ಟ್ರಿ ಓದಿದವರಷ್ಟೇ ಬಿಡಿಸುವ ಲೆಕ್ಕಗಳಲ್ಲ. ಲೇಪನ ಯಂತ್ರಕ್ಕೆ ಮೆಕ್ಯಾನಿಕಲ್‌ನವರು ಬೇಕು, ಮಾರಾಟಕ್ಕೆ ಬಿಕಾಂ ಓದಿದವರು ಬೇಕು. ಬಿಇ ಮೊದಲ ವರ್ಷದ ಕೆಮಿಸ್ಟ್ರಿಯನ್ನು ‘ಪಾಸಾದರೆ ಸಾಕು’ ಎಂದು ಮುಗಿಸುವ ಗೆಳೆಯರೇ, ಪ್ರಾಜೆಕ್ಟ್ ವಿಷಯ ಹುಡುಕಲು ಇಂಟರ್ನೆಟ್ ಜಾಲಾಡುವ ಮೊದಲು ನಮ್ಮ ಹತ್ತಿ ಹೊಲಗಳನ್ನೊಮ್ಮೆ ನೋಡಿ. ನಗರದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಹೋಗಿ ಕೇಳಲು ನಮಗೇನು ಅಡ್ಡಿ?