ಕುತ್ತಿಗೆಯ ರಕ್ತನಾಳಕ್ಕೆ ಚಿಕಿತ್ಸೆ: ಒಪ್ಪುವ ಮುಂಚೆ ತಿಳಿಯೋಣ



ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿತು, ಮಾತು ತೊದಲಿತು, ಹತ್ತು ನಿಮಿಷದಲ್ಲಿ ಸರಿಹೋಯ್ತು ಅಂತ ಸುಮ್ಮನಿರಬೇಡಿ. ಇದು ಲಕ್ವದ ಮುನ್ಸೂಚನೆ ಆಗಿರಬಹುದು. ಕುತ್ತಿಗೆಯ ರಕ್ತನಾಳ ಕಿರಿದಾಗಿರುವುದು ಇದಕ್ಕೆ ಒಂದು ಕಾರಣ.

ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನಿಂದ ಅವುಗಳ ಒಳಗೆ ಕೊಬ್ಬು ಕಟ್ಟುತ್ತದೆ. ಡಾಪ್ಲರ್ ಸ್ಕ್ಯಾನಿಂಗ್ ಮಾಡಿದರೆ ಇದು ಗೊತ್ತಾಗುತ್ತದೆ.

ಚಿಕಿತ್ಸೆ ಎರಡು ಬಗೆ
ಒಂದು, ಕುತ್ತಿಗೆ ಕೊಯ್ದು ಕೊಬ್ಬು ತೆಗೆಯುವ ಆಪರೇಷನ್. ಇನ್ನೊಂದು, ಸಾಮಾನ್ಯವಾಗಿ ತೊಡೆಯ ಸಂದಿಯಿಂದ ತಂತಿ ತೂರಿಸಿ ಸ್ಟೆಂಟ್ ಇಡುವುದು.

ಅಪಾಯ ಎಲ್ಲಿದೆ?
ಎರಡರಲ್ಲೂ ಕೊಬ್ಬಿನ ಚೂರು ಕಳಚಿ ಮಿದುಳಿಗೆ ಹೋಗಬಹುದು. ಲಕ್ವ ತಡೆಯುವ ಚಿಕಿತ್ಸೆಯೇ ಲಕ್ವ ತರಬಹುದು! 2010ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ, ಚಿಕಿತ್ಸೆಯ ಆಸುಪಾಸಿನಲ್ಲೇ ಲಕ್ವ ಆದವರು ಆಪರೇಷನ್ನಿನಲ್ಲಿ 100ಕ್ಕೆ ಸುಮಾರು 2, ಸ್ಟೆಂಟಿನಲ್ಲಿ 4. ಹೃದಯಾಘಾತ ಮಾತ್ರ ಆಪರೇಷನ್ನಿನಲ್ಲೇ ಹೆಚ್ಚು. 70 ದಾಟಿದವರಿಗೆ ಸ್ಟೆಂಟಿನಿಂದ ಲಕ್ವದ ಅಪಾಯ ಜಾಸ್ತಿ. ಚಿಕಿತ್ಸೆ ಆದಮೇಲೆ ರಕ್ತ ಒಮ್ಮೆಲೇ ನುಗ್ಗಿ, ಅಪರೂಪಕ್ಕೆ ಮಿದುಳು ಊದಿಕೊಳ್ಳುವುದೂ ರಕ್ತಸ್ರಾವವೂ ಆಗುತ್ತದೆ. ಮನೆಗೆ ಬಂದಮೇಲೆ ಜೋರು ತಲೆನೋವು, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಬಿ.ಪಿ. ಹತೋಟಿಯಲ್ಲಿರಲಿ.

ಹಾಗಂತ ಚಿಕಿತ್ಸೆ ಬೇಡವೇ? ಬೇಕು, ಆದರೆ ಎಲ್ಲರಿಗೂ ಅಲ್ಲ. ಮುನ್ಸೂಚನೆ ಬಂದು, ನಾಳ 100ಕ್ಕೆ 70 ಭಾಗಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ, ಎರಡು ವರ್ಷದೊಳಗೆ ಆ ಬದಿಯ ಲಕ್ವವನ್ನು ಆಪರೇಷನ್ 100ಕ್ಕೆ 26ರಿಂದ 9ಕ್ಕೆ ಇಳಿಸಿತೆಂದು 1991ರ ಅಧ್ಯಯನ ತೋರಿಸಿತು. ಇಂಥವರು ತಡಮಾಡಬಾರದು. ಯಾವ ತೊಂದರೆಯೂ ಕಾಣದವರಿಗೆ ಮಾತ್ರೆ, ಪಥ್ಯವೇ ಸಾಕಾಗಬಹುದು.

ಡಾಕ್ಟರನ್ನು ಕೇಳಿ
1. ನಾಳ ಎಷ್ಟು ಕಿರಿದಾಗಿದೆ?
2. ಆಪರೇಷನ್ನೋ, ಸ್ಟೆಂಟೋ? ಯಾಕೆ?
3. ನೀವು ಇಂಥದ್ದು ಎಷ್ಟು ಮಾಡಿದ್ದೀರಿ? ಎಷ್ಟು ಜನಕ್ಕೆ ಲಕ್ವ ಆಯ್ತು?
4. ಬಿ.ಪಿ.ಎಲ್. ಕಾರ್ಡಿಗೆ ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆಯೇ?

ಕೆ.ಆರ್. ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಹೀಗೆ ಕೇಳುವುದು ನಮ್ಮ ಹಕ್ಕು. ಕೇಳದೆ ಸಹಿ ಹಾಕಬೇಡಿ, ಸಂಘದಿಂದ ಸಾಲ ಎತ್ತಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಾಯಿ ಸೊಟ್ಟಗಾಯ್ತು, ಕೈ ಎತ್ತಲಾಗುತ್ತಿಲ್ಲ ಅಂದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ, ಸದಸ್ಯರೆಲ್ಲರ ಬಿ.ಪಿ. ಪರೀಕ್ಷೆ ಆಗಿದೆಯೇ ಅಂತಲೂ ಕೇಳಿಕೊಳ್ಳೋಣ.